ಹದಿಮೂರು ದಿವಸಗಳು: ಒಂದು ಸಾಕ್ಷ್ಯಗ್ರಂಥದ ವಿಮರ್ಶೆ

ಮಹತ್ತಾದ ಒಂದು ರಾಜಕಾರ್ಯದಲ್ಲಿ ಪಾತ್ರವಹಿಸಿದವರೇ ಅದರ ವೃತ್ತಾಂತವನ್ನು ಬರೆದಾಗ, ಆ ಬರಹವನ್ನು ಚರಿತ್ರೆಯೆಂದು ನಂಬಬೇಕೆ, ಕಾವ್ಯವೆಂದು ಆಸ್ವಾದಿಸಬೇಕೆ, ಅಥವಾ ನ್ಯಾಯಸ್ಥಾನದಲ್ಲಿ ನುಡಿದ ಸಾಕ್ಷ್ಯದಂತೆ ಪರೀಕ್ಷಿಸಬೇಕೆ ಎಂಬ ಪ್ರಶ್ನೆಯು ವಿಮರ್ಶಕನಿಗೆ ಒದಗುತ್ತದೆ. ಎರಡನೆಯ ಮಹಾಯುದ್ಧವು ಮುಗಿದಮೇಲೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳಿಗೂ ಸೋವಿಯತ್ ಒಕ್ಕೂಟಕ್ಕೂ ನಡುವೆ ನಾಲ್ಕು ದಶಕಗಳಿಗೂ ಮಿಕ್ಕು ನಡೆದ ಪರಮಾಣ್ವಸ್ತ್ರಗಳ ಪೈಪೋಟಿಯನ್ನು ಕುರಿತ ಬರಹಗಳಲ್ಲಿ ಈ ಪ್ರಶ್ನೆಯನ್ನು ಬಲವಾಗಿ ಎಬ್ಬಿಸುವ ಗ್ರಂಥವೊಂದುಂಟು. ಅದು ರಾಬರ್ಟ್ ಕೆನೆಡಿಯವರ ‘ಥರ್ಟೀನ್ ಡೇಸ್’, ಎಂದರೆ ‘ಹದಿಮೂರು ದಿವಸಗಳು’ ಎಂಬ ಚಿಕ್ಕ ಆಂಗ್ಲ ಪುಸ್ತಕ. ಗ್ರಂಥಕರ್ತರು ೧೯೬೮ರ ಜೂನ್ ತಿಂಗಳಲ್ಲಿ ಹಂತಕನ ಗುಂಡಿಗೆ ಬಲಿಯಾದರು. ಪುಸ್ತಕವು ೧೯೬೯ರಲ್ಲಿ, ಅವರ ಸಹೋದ್ಯೋಗಿಗಳಾಗಿದ್ದ ಥಿಯೊಡೋರ್ ಸೊರೆನ್‌ಸನ್ನರ ಪರಿಷ್ಕರಣದಿಂದ ಹೊರಬಿದ್ದಿತು. ಈ ಪರಿಷ್ಕರಣವೆಂಬ ಮಾತನ್ನು ವಾಚಕರು ನೆನಪಿನಲ್ಲಿಡತಕ್ಕದ್ದು.

ಗ್ರಂಥದ ವಿಷಯವು ಸುಪ್ರಸಿದ್ಧವಾದುದು. ೧೯೬೨ನೆಯ ಅಕ್ಟೋಬರ್ ೧೪ರಂದು ಅಮೆರಿಕದ ಬೇಹಿನ ವಿಮಾನವೊಂದು ಕ್ಯೂಬಾ ದ್ವೀಪದ ಮೇಲೆ ಹಾರಿ ತೆಗೆದ ಛಾಯಾಚಿತ್ರಗಳಲ್ಲಿ ಸೋವಿಯತ್ ಕ್ಷಿಪಣಿಗಳ ನೆಲೆಗಳು ಕಂಡುಬಂದುವು. ೧೬ರ ಬೆಳಗ್ಗೆ ಅಧ್ಯಕ್ಷ ಜಾನ್ ಕೆನೆಡಿಯವರಿಗೆ ಅವನ್ನು ತೋರಿಸಿದರು. ೨೨ರಂದು ಅಧ್ಯಕ್ಷರು ದ್ವೀಪಕ್ಕೆ ನೌಕಾದಿಗ್ಬಂಧನವನ್ನು ಸಾರಿದರು. ೨೮ರಂದು ಸೋವಿಯತ್ ಪ್ರಧಾನಿ ಕ್ರುಶ್ಚೇವರು ಕ್ಷಿಪಣಿಗಳನ್ನು ಹಿಂದಕ್ಕೆ ಕರೆಸಿಕೊಳ್ಳಲು ಒಪ್ಪಿದರು. ಗ್ರಂಥಕರ್ತರು ಅಧ್ಯಕ್ಷರ ತಮ್ಮಂದಿರು. ಆಗ ನ್ಯಾಯಶಾಖೆಯ ಮುಖ್ಯಾಧಿಕಾರಿಗಳು. ಮಂತ್ರಾಲೋಚನಾ ಸಮಿತಿಯಲ್ಲಿ ಮೊದಲಿನಿಂದ ಕಡೆಯವರೆಗೂ ಕುಳಿತಿದ್ದವರು.

ಗ್ರಂಥದ ಗುಣಗಳನ್ನು ಮೊದಲು ಹೇಳುವುದು ನ್ಯಾಯ. ನಿರೂಪಣೆಯು ಮಿತವಾಗಿದೆ, ವಾಕ್ಯಗಳು ಸರಳವಾಗಿವೆ, ಆಡಂಬರವೆಂಬುದು ಇಲ್ಲ. ನಮ್ಮ ಲಾಕ್ಷಣಿಕರು ನಾಟಕಕ್ಕೆ ಹೇಳಿರುವ ಪಂಚಸಂಧಿಗಳನ್ನು ಈ ಗದ್ಯದಲ್ಲಿ ಪ್ರಯಾಸವಿಲ್ಲದೆ ಗುರುತಿಸಬಹುದು. ಛಾಯಾಚಿತ್ರಗಳ ದರ್ಶನವು ಮುಖಸಂಧಿ, ಗುಪ್ತಾಲೋಚನೆಗಳು ಪ್ರತಿಮುಖ, ೨೪ರಂದು ಸೋವಿಯತ್ ಹಡಗುಗಳು ದಿಗ್ಬಂಧನದ ರೇಖೆಗೆ ಸಮೀಪಿಸುವುದು ಗರ್ಭ, ೨೭ರಂದು ಕ್ಯೂಬಾದ ಮೇಲೆ ಅಮೆರಿಕದ ವಿಮಾನವನ್ನು ಹೊಡೆದುರುಳಿಸಿ, ಅದರ ಚಾಲಕನು ಮಡಿದು, ಯುದ್ಧವು ಅನಿವಾರ್ಯವೆಂದು ತೋರುವುದು ವಿಮರ್ಶಸಂಧಿ, ಮರುದಿನದ ಸಮಾಧಾನವೇ ನಿರ್ವಹಣ. ೧೯೧೪ರ ಯುದ್ಧಕ್ಕೆ ಯೂರೋಪಿನ ರಾಷ್ಟ್ರಗಳು ಎಡವಿ ಬಿದ್ದ ಬಗೆಯನ್ನು ಬಣ್ಣಿಸುವ ಬಾರ್ಬರಾ ಟಕ್‌ಮನ್ನರ ಗ್ರಂಥವನ್ನು ಅಧ್ಯಕ್ಷರು ಓದಿದ್ದರೆಂಬ ಪ್ರಸ್ತಾಪವೂ ಇಲ್ಲಿ ಬರುತ್ತದೆ. ತಪ್ಪೆಣಿಕೆಯಿಂದ ಸರ್ವನಾಶವು ಸಂಭವಿಸಬಹುದೆಂಬ ಭೀತಿಯೇ ಈ ಕೃತಿಯ ಸ್ಥಾಯಿಭಾವ. ಎದುರಾಳಿಯ ಸ್ಥಾನದಲ್ಲಿ ತನ್ನನ್ನು ಇರಿಸಿಕೊಂಡು ಯೋಚಿಸಬೇಕೆಂಬುದು ಅದರ ಉಪದೇಶ.

ಇಷ್ಟು ಗುಣವುಳ್ಳ ಗ್ರಂಥವನ್ನು ಇಂದು ನಾವು ಬೇರೆ ಆಧಾರಗಳೊಡನೆ ತುಲನೆ ಮಾಡಬಲ್ಲೆವು. ಅಧ್ಯಕ್ಷರು ಸಮಿತಿಯ ಸಭೆಗಳನ್ನು ಗುಟ್ಟಾಗಿ ಧ್ವನಿಮುದ್ರಣ ಮಾಡಿಸಿದ್ದರು. ಅವುಗಳ ಲಿಖಿತಪಾಠವನ್ನು ಅರ್ನೆಸ್ಟ್ ಮೇ ಮತ್ತು ಫಿಲಿಪ್ ಜೆಲಿಕೊ ಎಂಬ ವಿದ್ವಾಂಸರು ೧೯೯೭ರಲ್ಲಿ ಪ್ರಕಟಿಸಿದರು. ಸೋವಿಯತ್ ರಾಯಭಾರಿ ದೊಬ್ರಿನಿನ್ನರು ಮಾಸ್ಕೋಗೆ ಕಳುಹಿಸಿದ ವರದಿಗಳೂ ಆ ದಶಕದಲ್ಲಿಯೇ ಬೆಳಕಿಗೆ ಬಂದುವು. ಇವುಗಳೊಡನೆ ಒರೆಹಚ್ಚಿದರೆ ಮೂರು ಸ್ಥಳಗಳಲ್ಲಿ ಗ್ರಂಥದ ಬಣ್ಣವು ವ್ಯತ್ಯಾಸವಾಗುತ್ತದೆ.

ಮೊದಲನೆಯದು ಹಡಗುಗಳ ಸಂಗತಿ. ೨೪ರ ಬೆಳಗ್ಗೆ ಎರಡು ಹಡಗುಗಳು ರೇಖೆಗೆ ಕೆಲವೇ ಮೈಲಿಗಳಷ್ಟು ಸಮೀಪಿಸಿದ್ದುವೆಂದೂ, ಕಟ್ಟಕಡೆಯ ಗಳಿಗೆಯಲ್ಲಿ ನಿಂತುವೆಂಬ ಸುದ್ದಿ ಬಂದಿತೆಂದೂ ಗ್ರಂಥದಲ್ಲಿದೆ. ಕ್ಷಿಪಣಿಗಳನ್ನು ಹೊತ್ತ ಹಡಗುಗಳಿಗೆ ಹಿಂದಿರುಗುವ ಆಜ್ಞೆಯು ಹಿಂದಿನ ದಿನವೇ ಹೋಗಿತ್ತೆಂದೂ, ಆ ಹೊತ್ತಿಗೆ ಅವು ನೂರಾರು ಮೈಲಿಗಳಾಚೆ ಇದ್ದುವೆಂದೂ ಮೈಕೆಲ್ ಡಾಬ್ಸರು ೨೦೦೮ರ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟಿದ್ದಾರೆ. ಇದು ಗ್ರಂಥಕರ್ತರ ದೋಷವಲ್ಲ. ಆ ಕೊಠಡಿಯಲ್ಲಿದ್ದವರಿಗೆ ತಿಳಿದುದು ಅಷ್ಟೆ. ಭೀತಿಯು ನಿಜ, ಭೀತಿಯ ಕಾರಣವು ನಿಜವಲ್ಲ.

ಎರಡನೆಯದು ಗ್ರಂಥಕರ್ತರ ಸ್ವಂತ ಪಾತ್ರ. ಹಠಾತ್ತಾಗಿ ದಾಳಿಯಿಡುವುದು ಪರ್ಲ್ ಹಾರ್ಬರಿನ ಮೇಲೆ ಜಪಾನೀಯರು ನಡೆಸಿದ ಕೃತ್ಯಕ್ಕೆ ಸಮಾನವೆಂದು ವಾದಿಸಿದವರು ತಾವೆಂದು ಅವರು ಬರೆಯುತ್ತಾರೆ. ಇದು ಸತ್ಯವೇ. ಆದರೆ ೧೬ರ ಸಭೆಯಲ್ಲಿ ದಂಡಯಾತ್ರೆಗೆ ನೆಪವನ್ನು ಹುಡುಕುವ ಮಾತನ್ನಾಡಿ, ೧೮೯೮ರಲ್ಲಿ ಹವಾನಾ ರೇವಿನಲ್ಲಿ ಮುಳುಗಿ ಸ್ಪೇನಿನೊಡನೆ ಯುದ್ಧಕ್ಕೆ ಕಾರಣವಾದ ‘ಮೇನ್’ ನೌಕೆಯನ್ನು ಉದಾಹರಿಸಿದವರೂ ಅವರೇ ಎಂಬುದು ಧ್ವನಿಮುದ್ರಿಕೆಯಲ್ಲಿದೆ. ಮನಸ್ಸು ಒಂದು ನೆಲೆಯಿಂದ ಇನ್ನೊಂದಕ್ಕೆ ಸರಿದುದು ಲಜ್ಜೆಗೆ ಕಾರಣವಲ್ಲ. ಸರಿದುದನ್ನು ಬರೆದಿದ್ದರೆ ಪಾತ್ರವು ಇನ್ನೂ ಸಜೀವವಾಗುತ್ತಿತ್ತು.

ಮೂರನೆಯದೇ ಮುಖ್ಯವಾದುದು. ಅಮೆರಿಕದ ಹದಿನೈದು ಜ್ಯೂಪಿಟರ್ ಕ್ಷಿಪಣಿಗಳು ತುರ್ಕಿಯಲ್ಲಿ ಸೋವಿಯತ್ ನಾಡಿನ ಕಡೆಗೆ ಮುಖಮಾಡಿ ನಿಂತಿದ್ದುವು. ಅವುಗಳನ್ನು ತೆಗೆದರೆ ತಾವೂ ತೆಗೆಯುವೆವೆಂದು ೨೭ರಂದು ಕ್ರುಶ್ಚೇವರು ಬಹಿರಂಗವಾಗಿ ಕೇಳಿದರು. ಅಂದು ರಾತ್ರಿ ಗ್ರಂಥಕರ್ತರು ದೊಬ್ರಿನಿನ್ನರನ್ನು ಕಂಡರು. ವಿನಿಮಯವೆಂಬುದು ಸಾಧ್ಯವಿಲ್ಲ, ಆದರೆ ಆ ಕ್ಷಿಪಣಿಗಳನ್ನು ತೆಗೆಯಬೇಕೆಂದು ಅಧ್ಯಕ್ಷರು ಬಹುಕಾಲದಿಂದ ಇಚ್ಛಿಸಿದ್ದರು, ಸ್ವಲ್ಪ ಕಾಲದಲ್ಲಿಯೇ ಅವು ಹೋಗುವುವು ಎಂದು ತಾವು ಹೇಳಿದುದಾಗಿ ಅವರು ಬರೆಯುತ್ತಾರೆ. ರಾಯಭಾರಿಯ ವರದಿಯಲ್ಲಿ ಇದೇ ಮಾತು ನಾಲ್ಕೈದು ತಿಂಗಳ ಅವಧಿಯುಳ್ಳ ಸ್ಪಷ್ಟವಾದ ವಚನವಾಗಿದೆ. ಈ ಒಪ್ಪಂದವನ್ನು ಕಾಗದದ ಮೇಲೆ ಹೆಸರಿಸಿ ಕ್ರುಶ್ಚೇವರು ಕಳುಹಿಸಿದ ಪತ್ರವನ್ನು ಗ್ರಂಥಕರ್ತರು ಅದೇ ತಿಂಗಳ ೩೦ರಂದು ಹಿಂದಿರುಗಿಸಿದರು. ೧೯೬೩ರ ಏಪ್ರಿಲ್ ವೇಳೆಗೆ ತುರ್ಕಿಯ ಕ್ಷಿಪಣಿಗಳು ಇಲ್ಲವಾದುವು. ದಿನಚರಿಯಲ್ಲಿ ಈ ವಿನಿಮಯವು ಸ್ಪಷ್ಟವಾಗಿದ್ದಿತೆಂದೂ, ಅಚ್ಚಿಗೆ ಸಿದ್ಧಪಡಿಸುವಾಗ ಅದನ್ನು ತೆಗೆದುಹಾಕಿದವರು ತಾವೆಂದೂ ಸೊರೆನ್‌ಸನ್ನರು ೧೯೮೯ರ ಜನವರಿಯಲ್ಲಿ ಮಾಸ್ಕೋದ ವಿದ್ವತ್ಸಭೆಯಲ್ಲಿ ಒಪ್ಪಿಕೊಂಡರು.

ರಾಜ್ಯರಹಸ್ಯವನ್ನು ಕಾಪಾಡುವುದು ಪರಿಷ್ಕರ್ತನ ಧರ್ಮವಾಗಿತ್ತೆಂದು ಇಲ್ಲಿ ಆಕ್ಷೇಪವು ಹುಟ್ಟಬಹುದು. ೧೯೬೨ರಲ್ಲಿ ಆ ಗುಟ್ಟಿಗೆ ಕಾರಣವಿದ್ದಿತು: ಮಿತ್ರರಾಷ್ಟ್ರಗಳ ಸಮ್ಮತಿಯಿಲ್ಲದೆ ತುರ್ಕಿಯ ರಕ್ಷಣೆಯನ್ನು ಮಾರಿದರೆಂಬ ಅಪವಾದದ ಭಯ. ಆದರೆ ಬರಹವು ಲೋಕಕ್ಕೆ ಬಂದುದು ಏಳು ವರ್ಷಗಳ ತರುವಾಯ, ಉಪದೇಶದ ಗ್ರಂಥವಾಗಿ. ಈ ನಡುವೆ ಮೌನದ ಬೆಲೆಯನ್ನು ತೆತ್ತವರು ಬೇರೆ. ವಿಶ್ವಸಂಸ್ಥೆಯಲ್ಲಿ ಅಮೆರಿಕದ ಪ್ರತಿನಿಧಿಯಾಗಿದ್ದ ಆಡ್ಲೈ ಸ್ಟೀವನ್‌ಸನ್ನರು ೨೦ರ ಸಭೆಯಲ್ಲಿಯೇ ತುರ್ಕಿಯ ನೆಲೆಗಳನ್ನು ಬಿಟ್ಟುಕೊಡುವ ಸಲಹೆಯನ್ನು ಮುಂದಿಟ್ಟಿದ್ದರು. ಅದೇ ಡಿಸೆಂಬರಿನಲ್ಲಿ ಒಂದು ಪ್ರಸಿದ್ಧ ಪತ್ರಿಕೆಯ ಲೇಖನವು ಅವರನ್ನು ಶರಣಾಗತಿಯ ಪಕ್ಷದವರೆಂದು ಮೂದಲಿಸಿತು. ಅವರ ಸಲಹೆಯನ್ನು ತಾವು ಒಪ್ಪಲಿಲ್ಲವಾದರೂ ಹಾಗೆ ಹೇಳಲು ಧೈರ್ಯ ಬೇಕೆಂದು ಗ್ರಂಥಕರ್ತರು ಪ್ರಶಂಸಿಸುತ್ತಾರೆ. ಸಲಹೆಯ ತಿರುಳೇ ಕಡೆಗೆ ನಡೆಯಿತೆಂಬುದನ್ನು ಮಾತ್ರ ವಾಚಕನು ಅರಿಯಲಾರ. ಸ್ಟೀವನ್‌ಸನ್ನರು ೧೯೬೫ರಲ್ಲಿ ತೀರಿಕೊಂಡರು.

ಇದಕ್ಕಿಂತ ಹೆಚ್ಚಿನ ಹಾನಿಯು ಕೃತಿಗೇ ಆಗಿದೆ. ಎದುರಾಳಿಯ ಸ್ಥಾನದಲ್ಲಿ ನಿಂತು ನೋಡಬೇಕೆಂಬ ಅದರ ಉಪದೇಶಕ್ಕೆ ತುರ್ಕಿಯ ವಿನಿಮಯವೇ ಪರಮ ನಿದರ್ಶನ: ತನ್ನ ಮನೆಯ ಬಾಗಿಲಲ್ಲಿ ಶತ್ರುವಿನ ಕ್ಷಿಪಣಿ ಇರುವುದೆಂದರೇನೆಂದು ಅರಿತ ಅಧ್ಯಕ್ಷರು, ಎದುರಾಳಿಯ ಬಾಗಿಲಿನಿಂದ ತಮ್ಮದನ್ನು ತೆಗೆದರು. ಆ ನಿದರ್ಶನವನ್ನು ಅಳಿಸಿದಮೇಲೆ ಉಪದೇಶವು ಬರಿಯ ಸೂಕ್ತಿಯಾಗಿ ನಿಲ್ಲುತ್ತದೆ; ಕಥೆಯು ಮಾತ್ರ ಅದಕ್ಕೆ ವಿರುದ್ಧವಾದುದನ್ನು, ಎಂದರೆ ಕದಲದೆ ನಿಂತವನು ಏನನ್ನೂ ಕೊಡದೆ ಗೆಲ್ಲುವನೆಂಬುದನ್ನು ಕಲಿಸುತ್ತದೆ. ವಾಚಕರು ಸೂಕ್ತಿಗಿಂತ ಕಥೆಯನ್ನೇ ನೆನಪಿನಲ್ಲಿಡುವರು.

ಕನ್ನಡ ವಿದ್ವಾಂಸರಿಗೆ ಇದು ಅಪರಿಚಿತವಾದ ಸಮಸ್ಯೆಯಲ್ಲ. ಪಂಪನು ೯೪೧ರಲ್ಲಿ ತನ್ನ ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನೊಡನೆ ಅಭೇದಗೊಳಿಸಿ ಭಾರತವನ್ನು ರಚಿಸಿದಾಗ, ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯಾಗಿಸಿದನು, ಕಡೆಯಲ್ಲಿ ಸುಭದ್ರೆಗೆ ಪಟ್ಟಗಟ್ಟಿಸಿದನು. ಕಥಾನಾಯಕನಿಗಾಗಿ ಕಥೆಯು ಬಾಗಿದ ಸ್ಥಳಗಳಿವು ಎಂದು ನಾವು ಗುರುತಿಸುತ್ತೇವೆ; ಹಾಗೆಂದು ಕಾವ್ಯವನ್ನು ತೊರೆಯುವುದಿಲ್ಲ. ಪ್ರಕೃತ ಗ್ರಂಥಕ್ಕೂ ಇದೇ ಕ್ರಮವು ಯುಕ್ತ. ಆದರೆ ಒಂದು ಭೇದವುಂಟು. ಪಂಪನು ಅಭೇದವನ್ನು ಮುಚ್ಚಿಡಲಿಲ್ಲ.

ಧ್ವನಿಮುದ್ರಿಕೆಗಳನ್ನೂ ಪ್ರಮಾಣವೆಂದು ಕಣ್ಣುಮುಚ್ಚಿ ಗ್ರಹಿಸಕೂಡದು. ಯಂತ್ರವು ಅಧ್ಯಕ್ಷರ ವಶದಲ್ಲಿತ್ತು. ಕೊಠಡಿಯಲ್ಲಿದ್ದ ಬಹುಮಂದಿಗೆ ಅದರ ಅರಿವಿರಲಿಲ್ಲ. ರಾಯಭಾರಿಗೆ ಏನು ಹೇಳಬೇಕೆಂದು ಕೆಲವರೇ ನಿರ್ಧರಿಸಿದ ೨೭ರ ಸಂಜೆಯ ಗೋಷ್ಠಿಯು ಅದರಲ್ಲಿ ಮುದ್ರಿತವಾಗಿಲ್ಲ. ಕ್ಯೂಬಾದಲ್ಲಿ ನಲವತ್ತು ಸಾವಿರಕ್ಕೂ ಮಿಕ್ಕ ಸೋವಿಯತ್ ಸೈನಿಕರಿದ್ದರೆಂಬುದಾಗಲಿ, ರಣರಂಗದಲ್ಲಿ ಬಳಸತಕ್ಕ ಕಿರಿಯ ಪರಮಾಣ್ವಸ್ತ್ರಗಳು ಅವರ ಬಳಿ ಇದ್ದುವೆಂಬುದಾಗಲಿ ಆ ಸಭೆಯ ಯಾರಿಗೂ ತಿಳಿದಿರಲಿಲ್ಲ. ಆ ಅಸ್ತ್ರಗಳ ಸಂಗತಿಯು ೧೯೯೨ರ ಹವಾನಾ ಸಮ್ಮೇಳನದಲ್ಲಿ ಹೊರಬಿದ್ದಾಗ, ೧೯೬೨ರಲ್ಲಿ ರಕ್ಷಣಾ ಕಾರ್ಯದರ್ಶಿಯಾಗಿದ್ದ ಮೆಕ್‌ನಮಾರರೇ ಬೆರಗಾದರು. ಗ್ರಂಥವು ವರ್ಣಿಸಿದ ಅಪಾಯಕ್ಕಿಂತ ನಿಜವಾದ ಅಪಾಯವು ಹಿರಿದಾಗಿತ್ತು.

ಆದಕಾರಣ ಈ ಪುಸ್ತಕವನ್ನು ಪಾಠಹೇಳುವ ಉಪಾಧ್ಯಾಯರು ಇದನ್ನು ಕೈಬಿಡಬೇಕಾಗಿಲ್ಲ; ಒಂಟಿಯಾಗಿ ಓದಿಸಕೂಡದು ಎಂದಷ್ಟೇ ನಮ್ಮ ಅಭಿಪ್ರಾಯ. ೨೭ರ ರಾತ್ರಿಯ ಭೇಟಿಯನ್ನು ಗ್ರಂಥದಲ್ಲಿಯೂ ರಾಯಭಾರಿಯ ವರದಿಯಲ್ಲಿಯೂ ಜೊತೆಗೂಡಿಸಿ ಓದಿದ ವಿದ್ಯಾರ್ಥಿಯು, ಸಾಕ್ಷಿಯ ಮಾತಿಗೂ ಸಾಕ್ಷಿಯ ಮೌನಕ್ಕೂ ಸಮನಾದ ಲಕ್ಷ್ಯವನ್ನು ಕೊಡಲು ಕಲಿಯುತ್ತಾನೆ.