ಪೆಟ್ಟಿಗೆ ಇಟ್ಟು ಬಂದ್ವಿ, ನೋಡ್ಕೊಳ್ಳೋರು ಯಾರು?

ಆಫೀಸುಗಳ ‘ವಾಲಂಟಿಯರಿಂಗ್ ಡೇ’ ಪಟ್ಟಿಗೆ ಹೊಸದಾಗಿ ಸೇರಿರೋದು ಪುಸ್ತಕದ ಪೆಟ್ಟಿಗೆ. ಗಿಡ ನೆಟ್ಟಾಯ್ತು, ಕೆರೆ ದಂಡೆ ಗುಡಿಸಿದ್ದಾಯ್ತು, ಸರ್ಕಾರಿ ಶಾಲೆ ಗೋಡೆಗೆ ಬಣ್ಣ ಬಳಿದದ್ದಾಯ್ತು. ಈಗ ಕಂಬದ ಮೇಲೊಂದು ಮರದ ಗೂಡು, ಅದಕ್ಕೊಂದು ಗಾಜಿನ ಬಾಗಿಲು, ಒಳಗೆ ಮೂವತ್ತು ನಲವತ್ತು ಪುಸ್ತಕ. ಬೇಕಾದ್ದು ಒಯ್ಯಿರಿ, ಓದಿದ್ದು ತಂದಿಡಿ.

ನಮ್ಮ ತಂಡ ಈ ಸಲ ಆರಿಸಿಕೊಂಡದ್ದು ನಮ್ಮ ಜಿಲ್ಲೆಯನ್ನೇ. ಬಾಗಲಕೋಟೆಯ ನವನಗರ ಮತ್ತು ಹುನಗುಂದದಲ್ಲಿ ಪೆಟ್ಟಿಗೆ ಇಟ್ಟಾಗಿದೆ. ಬಾದಾಮಿ, ಇಳಕಲ್ ಬಾಕಿ. ಸಹೋದ್ಯೋಗಿಗಳ ಶ್ರಮದ ಬಗ್ಗೆ ನನಗೆ ಎರಡು ಮಾತಿಲ್ಲ. ಶನಿವಾರದ ನಿದ್ದೆ ಬಿಟ್ಟು, ಕೈಗೆ ಗುಳ್ಳೆ ಎದ್ದರೂ ಗರಗಸ ಬಿಡದ ಹುಡುಗ ಹುಡುಗಿಯರು ಇವರು. ನನ್ನ ತಕರಾರು ಕಲ್ಪನೆಯ ಬಗ್ಗೆ.

ಕಲ್ಪನೆ ಬಂದದ್ದು ಅಮೆರಿಕದಿಂದ. 2009ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಹಡ್ಸನ್ ಅನ್ನೋ ಊರಲ್ಲಿ ಟಾಡ್ ಬೋಲ್, ಶಿಕ್ಷಕಿಯಾಗಿದ್ದ ತನ್ನ ತಾಯಿಯ ನೆನಪಿಗೆ ಹಳೇ ಗ್ಯಾರೇಜ್ ಬಾಗಿಲಿನ ಮರದಲ್ಲಿ ಪುಟ್ಟ ಶಾಲೆಯ ಆಕಾರದ ಪೆಟ್ಟಿಗೆ ಮಾಡಿ ಪುಸ್ತಕ ತುಂಬಿದ. ಅದೇ ಮುಂದೆ ‘ಲಿಟ್ಲ್ ಫ್ರೀ ಲೈಬ್ರರಿ’ ಆಗಿ ನೂರಕ್ಕೂ ಹೆಚ್ಚು ದೇಶಗಳಿಗೆ ಹೋಯ್ತು. ನಾವು ಸಲೀಸಾಗಿ ಮರೆಯೋ ವಿಷಯ ಒಂದಿದೆ. ಆ ಪೆಟ್ಟಿಗೆ ನಿಂತದ್ದು ಅವನದೇ ಮನೆ ಮುಂದೆ. ಆ ಪದ್ಧತಿಯಲ್ಲಿ ಪ್ರತಿ ಪೆಟ್ಟಿಗೆಗೂ ಒಬ್ಬ ಉಸ್ತುವಾರಿ ಇರ್ತಾರೆ. ಧೂಳು ಒರೆಸೋದು, ಹರಿದದ್ದು ತೆಗೆಯೋದು, ಖಾಲಿಯಾದರೆ ತುಂಬೋದು ಅವರ ಕೆಲಸ. ನಾವು ತಂದದ್ದು ಮರದ ಅಳತೆಯನ್ನ ಮಾತ್ರ. ಉಸ್ತುವಾರಿ ಅಲ್ಲೇ ಉಳಿದುಬಿಟ್ಟ.

ಹುನಗುಂದದಲ್ಲಿ ಪೆಟ್ಟಿಗೆ ಇಟ್ಟ ದಿನ ಐದನೇ ಕ್ಲಾಸಿನ ಹುಡುಗಿಯೊಬ್ಬಳು ಪುಸ್ತಕ ಎದೆಗೆ ಅವುಚಿಕೊಂಡು ಕೇಳಿದಳು: “ಸರ್, ಇದನ್ನ ಮನೀಗೆ ಒಯ್ದ್ರ ಯಾರಾದ್ರೂ ಬೈತಾರೇನ್ರಿ?” “ಇಲ್ಲವ್ವಾ, ಒಯ್ಯಿ” ಅಂದೆ. ನಾವು ಅಲ್ಲಿದ್ವಿ, ಹೇಳಿದ್ವಿ. ಸೋಮವಾರ ಬರೋ ಇನ್ನೊಂದು ಮಗುವಿಗೆ ಹೇಳೋರು ಯಾರು? “ಇಂಥದ್ದೇ ಇನ್ನೊಂದು ಕೊಡ್ರಿ” ಅಂದ್ರೆ ಹುಡುಕಿ ಕೊಡೋರು ಯಾರು? ಓದುಗನಿಗೆ ತಕ್ಕ ಪುಸ್ತಕ, ಪುಸ್ತಕಕ್ಕೆ ತಕ್ಕ ಓದುಗನನ್ನು ಜೋಡಿಸೋದೇ ಗ್ರಂಥಾಲಯದ ಕೆಲಸ ಅಂತ ಎಸ್.ಆರ್. ರಂಗನಾಥನ್ 1931ರಲ್ಲೇ ಸೂತ್ರ ಮಾಡಿದ್ದರು. ಆ ಜೋಡಿಸೋ ಕೆಲಸ ಮರದಿಂದ ಆಗೋದಲ್ಲ.

ಇಳಕಲ್ ಸೀರೆ ನೇಯೋರಿಗೆ ಇದು ಗೊತ್ತು. ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಸಿಕ್ಕಿಸೋದಕ್ಕೆ ಕೊಂಡಿ ಅಂತಾರೆ. ಕೊಂಡಿ ಹಾಕದೆ ಸೆರಗು ನಿಲ್ಲಲ್ಲ. ಅದೇ ಊರಿನ ಮಹಾಂತ ಸ್ವಾಮಿಗಳು 1975ರಿಂದ ಜೋಳಿಗೆ ಹಿಡಿದು “ನಿಮ್ಮ ದುಶ್ಚಟ ಇದರಾಗ ಹಾಕ್ರಿ” ಅಂತ ಬೇಡಿದರು. ಜೋಳಿಗೆಯನ್ನ ಕಂಬಕ್ಕೆ ನೇತುಹಾಕಿ ಹೋಗಲಿಲ್ಲ, ತಾವೇ ಬಾಗಿಲಿಗೆ ಬಂದು ನಿಂತರು.

ಇನ್ನು ನಾವು ತುಂಬೋ ಪುಸ್ತಕಗಳ ಮಾತು. ಹಳೇ ಬ್ಯಾಂಕ್ ಪರೀಕ್ಷೆಯ ಗೈಡು, ಅರ್ಧಕ್ಕೆ ಬಿಟ್ಟ ಇಂಗ್ಲಿಷ್ ವ್ಯಕ್ತಿತ್ವ ವಿಕಸನ, ಯಾವುದೋ ಸಮ್ಮೇಳನದಲ್ಲಿ ಸಿಕ್ಕ ಸ್ಮರಣ ಸಂಚಿಕೆ. ಮನೆ ಖಾಲಿ ಮಾಡೋದು, ದಾನ ಮಾಡೋದು ಎರಡೂ ಒಂದೇ ಅಲ್ಲ. ಆ ಹುಡುಗಿಗೆ ಬೇಕಿದ್ದದ್ದು ದೊಡ್ಡಕ್ಷರದ, ಚಿತ್ರ ಇರೋ ಕನ್ನಡ ಕಥೆ. ನ್ಯಾಷನಲ್ ಬುಕ್ ಟ್ರಸ್ಟ್, ನವಕರ್ನಾಟಕ, ಪ್ರಥಮ್ ಬುಕ್ಸ್ ಇಂಥವನ್ನ ಕಡಿಮೆ ಬೆಲೆಗೇ ಕೊಡ್ತಾರೆ. ತಂಡದ ಟೀ ಶರ್ಟಿಗೆ ಹಾಕೋ ದುಡ್ಡು ಇಲ್ಲಿಗೆ ಬಂದರೆ ಸಾಕು.

ಅಷ್ಟಕ್ಕೂ ಈ ಊರುಗಳು ಗ್ರಂಥಾಲಯ ಕಂಡೇ ಇಲ್ಲ ಅನ್ನೋ ಹಾಗೆ ನಾವು ಇಳಿಯೋದು ಯಾಕೆ? ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದ್ದು. ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರವನ್ನ ಊರಿನವರು ಕಟ್ಟುತ್ತಲೇ ಬಂದಿದ್ದಾರೆ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು, ಮರುವರ್ಷ ‘ಓದುವ ಬೆಳಕು’ ಅಂತ ಮಕ್ಕಳಿಗೆ ಉಚಿತ ಸದಸ್ಯತ್ವ ಶುರುವಾಯ್ತು. ಅಲ್ಲೆಲ್ಲ ಒಬ್ಬ ಮೇಲ್ವಿಚಾರಕರು ಇದ್ದಾರೆ. ನಮ್ಮ ಪೆಟ್ಟಿಗೆಗೆ ಇಲ್ಲದ ಉಸ್ತುವಾರಿ, ಕಡಿಮೆ ಸಂಬಳಕ್ಕೆ ದಿನಾ ಬಾಗಿಲು ತೆಗೆಯೋ ಮನುಷ್ಯ, ಅಲ್ಲೇ ಕೂತಿದ್ದಾರೆ. ಅವರನ್ನ ಒಮ್ಮೆಯೂ ಮಾತಾಡಿಸದೆ ನಾವು ಮರ ಕೊಯ್ಯೋಕೆ ನಿಂತ್ವಿ.

ಪೆಟ್ಟಿಗೆಯೇ ಬೇಡ ಅನ್ನೋದು ನನ್ನ ವಾದ ಅಲ್ಲ. ಗ್ರಂಥಾಲಯದ ಬಾಗಿಲು ಮುಚ್ಚಿದ ಹೊತ್ತಲ್ಲೂ ಪೆಟ್ಟಿಗೆ ತೆರೆದಿರುತ್ತೆ. ಸದಸ್ಯತ್ವ ಕೇಳಲ್ಲ, ಚಪ್ಪಲಿ ಹೊರಗೆ ಬಿಡಿ ಅನ್ನಲ್ಲ. ಗ್ರಂಥಾಲಯದೊಳಗೆ ಕಾಲಿಡೋಕೆ ಹಿಂಜರಿಯೋ ಮಗುವಿಗೆ ಅದು ಒಳ್ಳೇ ಹೊಸ್ತಿಲು. ಆದರೆ ನಲವತ್ತು ಡಿಗ್ರಿ ಬಿಸಿಲಿಗೆ ಪ್ಲೈವುಡ್ ಬಿರಿಯುತ್ತೆ, ಮೊದಲ ಮಳೆಗೆ ಉಬ್ಬುತ್ತೆ. ಬಾಗಿಲು ಕಿತ್ತ ಖಾಲಿ ಗೂಡು ವರ್ಷಗಟ್ಟಲೆ ನಿಂತರೆ, ಪುಸ್ತಕ ಅಂದ್ರೆ ಯಾರೋ ಬಂದು ಇಟ್ಟು ಫೋಟೊ ತೆಗೆಸಿಕೊಂಡು ಹೋಗೋ ವಸ್ತು ಅಂತ ಊರಿನ ಮಕ್ಕಳು ಕಲೀತಾರೆ. ನನಗೆ ಭಯ ಇರೋದು ಅದಕ್ಕೇ.

ಬಾದಾಮಿ ಮತ್ತು ಇಳಕಲ್‌ಗೆ ಹೋಗೋ ಮೊದಲು ತಂಡದ ಮುಂದೆ ನಾನು ಇಡೋ ಬೇಡಿಕೆ ಇಷ್ಟೇ. ಮೊದಲು ಜನ ಹುಡುಕೋಣ: ಊರಿನ ಗ್ರಂಥಾಲಯದವರು, ಒಬ್ಬ ಮೇಷ್ಟ್ರು, ಕಿರಾಣಿ ಅಂಗಡಿಯ ಅಕ್ಕ, ಯಾರಾದರೂ ಸರಿ. ಪೆಟ್ಟಿಗೆ ಎಲ್ಲಿರಬೇಕು, ಒಳಗೆ ಏನಿರಬೇಕು ಅಂತ ಅವರೇ ಹೇಳಲಿ. ವರ್ಷಕ್ಕೆ ನಾಲ್ಕು ಸಲ ಪುಸ್ತಕ ಬದಲಿಸೋಕೂ, ರಿಪೇರಿಗೂ ದುಡ್ಡು ಈಗಲೇ ತೆಗೆದಿಡೋಣ. ಹಾಗೆ ಒಪ್ಪಿಕೊಳ್ಳೋರು ಒಂದೇ ಊರಲ್ಲಿ ಸಿಕ್ಕರೆ, ಈ ವರ್ಷ ಒಂದೇ ಪೆಟ್ಟಿಗೆ ಮಾಡೋಣ.