ನೀಲೇಶ್ವರದ ವಿದ್ಯಾರ್ಥಿ, ಕಯ್ಯೂರಿನ ಕಥನಕಾರ

ನಿರಂಜನರಷ್ಟು ವಿವಿಧ ಕಾಯಕಗಳನ್ನು ಕಂಡ ಕಾದಂಬರಿಕಾರರು ಕನ್ನಡದಲ್ಲಿ ವಿರಳ. 1924ರಲ್ಲಿ ಸುಬ್ರಹ್ಮಣ್ಯದ ಸಮೀಪದ ಕುಳಕುಂದದಲ್ಲಿ ಜನಿಸಿದ ಶಿವರಾಯರು ಸುಳ್ಯದಲ್ಲಿಯೂ ನೀಲೇಶ್ವರದಲ್ಲಿಯೂ ಓದಿದರು, ಪತ್ರಕರ್ತರಾದರು, ಎಡಪಂಥೀಯ ಚಳವಳಿಗಾಗಿ ಭೂಗತರಾದರು, ಮುಂದೆ 'ಜ್ಞಾನಗಂಗೋತ್ರಿ'ಯ 7 ಸಂಪುಟಗಳನ್ನೂ 'ವಿಶ್ವಕಥಾಕೋಶ'ದ 25 ಸಂಪುಟಗಳನ್ನೂ ಸಂಪಾದಿಸಿದರು. ಈ ಅಲೆದಾಟದ ಬಾಳು ಅವರ ಕಥನಕ್ಕೆ ಏನನ್ನು ಕೊಟ್ಟಿತೆಂದು ಅರಿಯಲು ಕಾಸರಗೋಡಿನವರಾದ ನಮಗೆ 'ಚಿರಸ್ಮರಣೆ'ಗಿಂತ ಹತ್ತಿರದ ಕೃತಿಯಿಲ್ಲ.

1941ರ ಮಾರ್ಚ್‌ನಲ್ಲಿ ಕಯ್ಯೂರಿನ ರೈತರ ಮೆರವಣಿಗೆಗೆ ಸಿಲುಕಿದ ಪೊಲೀಸನೊಬ್ಬನು ಹೊಳೆಗೆ ಹಾರಿ ಸತ್ತನು. 1943ರ ಮಾರ್ಚ್ 29ರಂದು ಕಣ್ಣೂರು ಸೆರೆಮನೆಯಲ್ಲಿ ನಾಲ್ವರು ತರುಣರನ್ನು ಗಲ್ಲಿಗೇರಿಸಲಾಯಿತು. ಆಗ ಕಯ್ಯೂರು ದಕ್ಷಿಣ ಕನ್ನಡ ಜಿಲ್ಲೆಯ ಹಳ್ಳಿ, ನೀಲೇಶ್ವರಕ್ಕೆ ದೂರದ್ದಲ್ಲ. 1955ರಲ್ಲಿ ಪ್ರಕಟವಾದ ಕಾದಂಬರಿಯು ಈ ಘಟನೆಯನ್ನು ವರದಿಗಾರನಂತೆ ಗಲ್ಲಿನಿಂದ ಆರಂಭಿಸದೆ, ಅಪ್ಪು ಮತ್ತು ಚಿರುಕಂಡರ ಶಾಲಾದಿನಗಳಿಂದ ಬೆಳೆಸುತ್ತದೆ. ಇದೇ ಅದರ ಸತ್ತ್ವ. ಜಮೀನ್ದಾರನ ದಬ್ಬಾಳಿಕೆ ಹುಡುಗರ ಅನುಭವವಾಗಿ ಮೊದಲು ಬರುತ್ತದೆ, ಸಿದ್ಧಾಂತವು ಆಮೇಲೆ. ಮಲಯಾಳ ನುಡಿಯ ನಡುವೆ ಓದಿದ ಕನ್ನಡ ಬಾಲಕನ ಕಿವಿ ಇಲ್ಲದಿದ್ದರೆ ಈ ಹಳ್ಳಿಯು ಕನ್ನಡದಲ್ಲಿ ಪರದೇಶವಾಗಿ ಉಳಿಯುತ್ತಿತ್ತೆಂದು ನಾವು ಭಾವಿಸುತ್ತೇವೆ.

ಕೊರತೆಗಳನ್ನು ಮರೆಮಾಚಬೇಕಾಗಿಲ್ಲ. ಪಕ್ಷದ ಕಾರ್ಯಕರ್ತನ ಬಾಳು ಲೇಖಕರಿಗೆ ನಿಷ್ಠೆಯನ್ನು ಕೊಟ್ಟಿತು. ಅದರೊಡನೆ ಭಾಷಣದ ರೂಢಿಯನ್ನೂ ಕೊಟ್ಟಿತು. ಹುಡುಗರ ಕಣ್ತೆರೆಸುವ ಮಾಸ್ತರರಿಗೆ ಸಂದೇಹವೆಂಬುದು ಅಪರೂಪ. ಜಮೀನ್ದಾರರು ವ್ಯಕ್ತಿಗಳಾಗುವುದಕ್ಕಿಂತ ವರ್ಗದ ಪ್ರತಿನಿಧಿಗಳಾಗಿಯೇ ನಿಲ್ಲುತ್ತಾರೆ. ಮುಂದೆ ಪ್ರಾಚೀನ ಈಜಿಪ್ಟಿನ ದುಡಿಯುವ ಜನರನ್ನು ಕುರಿತು 'ಮೃತ್ಯುಂಜಯ'ವನ್ನು ಬರೆದಾಗಲೂ ಅವರ ಒಲವು ಇದೇ ಆಗಿತ್ತು. ಆದರೆ ಅಲ್ಲಿನ ನೈಲ್ ನದಿಯನ್ನು ಅಧ್ಯಯನದಿಂದ ಕಟ್ಟಬೇಕಾಯಿತು. ಕಯ್ಯೂರಿನ ಹೊಳೆಯು ಅವರು ಬೆಳೆದ ಸೀಮೆಯದೇ ಆಗಿತ್ತು. ಈ ವ್ಯತ್ಯಾಸವು ಓದುಗನಿಗೆ ತಿಳಿಯದೆ ಹೋಗದು.

1956ರಲ್ಲಿ ಈ ನೆಲ ಕೇರಳಕ್ಕೆ ಸೇರಿತು. ಆ ಅಗಲಿಕೆಯ ನೋವನ್ನು ನಾವು ಪ್ರತಿ ಸಮ್ಮೇಳನದಲ್ಲಿಯೂ ಹೇಳುತ್ತ ಬಂದಿದ್ದೇವೆ, ಹೇಳಬೇಕಾದುದೂ ಹೌದು. ಆದರೆ ಅದಕ್ಕೆ ಒಂದು ವರ್ಷ ಮೊದಲು ಕನ್ನಡದ ಲೇಖಕರೊಬ್ಬರು ನೆರೆನುಡಿಯ ಬಡವರ ದುಃಖವನ್ನು ತಮ್ಮದೆಂದು ಬರೆದರು. ಕೇರಳದ ಓದುಗರು ಅದನ್ನು ಮಲಯಾಳಕ್ಕೆ ಬರಮಾಡಿಕೊಂಡು ತಮ್ಮ ಕೃತಿಯೆಂಬಂತೆ ಆದರಿಸಿದರು. ಕನ್ನಡ ಲಿಪಿಯನ್ನು ತಡವರಿಸಿ ಓದುವ ನಮ್ಮ ಮನೆಯ ಮಕ್ಕಳಿಗೂ ಇಂದು ಅದು ಮಲಯಾಳದಲ್ಲಿಯೇ ಸುಲಭ. ಇದಕ್ಕಾಗಿ ನೆರೆಯವರನ್ನು ದೂರಲಾಗದು. ಮೂಲವನ್ನು ಮನೆಗೆ ತಂದು, ಮಕ್ಕಳೊಡನೆ ಕುಳಿತು ಓದಬೇಕಾದವರು ನಾವೇ.