ಚೊಗರಿನ ಕೆಂಪು

ಸಾಗರ, ಹೊಸನಗರ, ತೀರ್ಥಹಳ್ಳಿಯ ಕೆಂಪಡಿಕೆಗೆ ಮಂಡಿಯಲ್ಲಿ ದರ ಕಟ್ಟುವುದು ಮೊದಲು ಕಣ್ಣು. ಮೂಟೆ ಬಿಚ್ಚಿ, ಒಂದು ಹಿಡಿ ಎತ್ತಿ, ಕೆಂಪು ಮತ್ತು ಹೊಳಪು ನೋಡುತ್ತಾರೆ. ಅವೆರಡೂ ಚೊಗರಿನ ಕೊಡುಗೆ.

ಎಳೆಯ ಕಾಯನ್ನು ಸುಲಿದು ಹಂಡೆಯಲ್ಲಿ ಬೇಯಿಸಿದಾಗ ನೀರಿಗಿಳಿಯುವ ಒಗರು ರಸವೇ ಚೊಗರು. ಅದೇ ನೀರಿನಲ್ಲಿ ಮತ್ತೆ ಮತ್ತೆ ಅಡಿಕೆ ಬೆಂದಂತೆ ರಸ ಗಟ್ಟಿಯಾಗುತ್ತದೆ. ಉಳಿದದ್ದನ್ನು ಬತ್ತಿಸಿ ಕಾದಿಟ್ಟು ಮುಂದಿನ ವರ್ಷದ ಮೊದಲ ಹಂಡೆಗೆ ಸುರಿಯುತ್ತಾರೆ. ಕಾಯಿ ಎಳೆಯದಿದ್ದಷ್ಟೂ ಟ್ಯಾನಿನ್ ಹೆಚ್ಚು, ಬಲಿತಂತೆ ಕಡಿಮೆ. ಹಾಗಾಗಿ ಒಳ್ಳೆಯ ಕೆಂಪು ದಕ್ಕುತ್ತಿದ್ದುದು ಹೊತ್ತಿಗೆ ಸರಿಯಾಗಿ ಕೊನೆ ಕೊಯ್ದವರಿಗೆ. ಮಲೆನಾಡಿನ ಕಸುಬುಗಳಲ್ಲಿ ಇಷ್ಟು ಪ್ರಾಮಾಣಿಕವಾದದ್ದು ಅಪರೂಪ ಎಂದೇ ನನ್ನ ಎಣಿಕೆ: ಬೆಳೆ ತನ್ನ ರಸದಿಂದಲೇ ತನ್ನ ಹದಕ್ಕೆ ಸಾಕ್ಷಿ ಹೇಳುತ್ತಿತ್ತು.

ಚೊಗರಿನ ಹದ ಸುಲಭದ್ದೇನಲ್ಲ. ಚಳಿಗಾಲದ ನಸುಕಿನಲ್ಲಿ ಬತ್ತಿಸಿಟ್ಟ ಚೊಗರು ಮಂದವಾಗಿರುತ್ತದೆ. ತೆಳುವಾಗಿ ಹಾಕಿದರೆ ಅಡಿಕೆ ಪೇಲವ, ದಪ್ಪಗೆ ಹಾಕಿದರೆ ಅಂಟಂಟು. ಮೋಡ ಕವಿದು ಬಿಸಿಲು ತಪ್ಪಿತೋ, ಬೂಷ್ಟು. ನಾರ್ವೆಯಂಥ ದೇಶಗಳಲ್ಲಿ ಹಿಮದ ಮೇಲೆ ಓಡುವ ಸ್ಕೀ ಹಲಗೆಗೆ ಮೇಣ ಹಾಕುವವರದೂ ಹೀಗೇ ಹವೆ ನೋಡಿ ಮಾಡುವ ಕೆಲಸ. ಆ ದಿನದ ಹಿಮದ ತಾಪಮಾನಕ್ಕೆ ತಕ್ಕ ಮೇಣ ಆರಿಸಬೇಕು. ಅಲ್ಲಿಗೆ ಫ್ಲೋರಿನ್ ಸಂಯುಕ್ತ ಬೆರೆಸಿದ ಮೇಣ ಬಂತು. ವೇಗ ಹೆಚ್ಚಿತು, ಜೊತೆಗೆ ಮಣ್ಣು ನೀರುಗಳಲ್ಲಿ ಕೊಳೆಯದೆ ಉಳಿಯುವ ರಾಸಾಯನಿಕವೂ ಸೇರಿತು. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 2023-24ರ ಋತುವಿನಿಂದ ಅದನ್ನು ಸ್ಪರ್ಧೆಗಳಲ್ಲಿ ನಿಷೇಧಿಸಿ, ಹಲಗೆಯ ತಳವನ್ನೇ ಯಂತ್ರಕ್ಕೊಡ್ಡಿ ಪರೀಕ್ಷಿಸತೊಡಗಿತು.

ನಮ್ಮಲ್ಲಿ ಕೆಟ್ಟದ್ದೂ ಇದೇ ದಾರಿಯಲ್ಲಿ. ಬಲಿತು ಹೋದ ಗೊರಬಲಿಗೆ, ಮಳೆಗೆ ಸಿಕ್ಕಿ ಮಾಸಿದ ಅಡಿಕೆಗೆ ಅಂಗಡಿಯ ಕೆಂಪು ಬಣ್ಣ ಬೆರೆಸಿ ಮೇಲಿನ ದರ್ಜೆಯಾದ ರಾಶಿ ಇಡಿಯ ದರ ಕೇಳುವ ಚಾಳಿ ಹಬ್ಬಿದೆ. ಬಣ್ಣದ ಅಡಿಕೆ ತರಬೇಡಿ ಎಂದು ಸಹಕಾರ ಸಂಘಗಳು ಎಚ್ಚರಿಸುತ್ತಲೇ ಇವೆ. ಆದರೆ ತಪ್ಪನ್ನು ಬೆಳೆಗಾರನ ತಲೆಗೇ ಕಟ್ಟುವುದನ್ನು ನಾನು ಒಪ್ಪಲಾರೆ. ಕೆಂಪಿಗಷ್ಟೇ ಬೆಲೆ ಕೊಡುವ ಮಂಡಿ ಕೆಂಪನ್ನೇ ಬೇಡುತ್ತದೆ. ಬಲಿತ ಅಡಿಕೆಯನ್ನು ಮುಚ್ಚಲೆಂದು ದಪ್ಪಗೆ ಬಳಿದರೆ ಚೊಗರೂ ಅಷ್ಟೇ ಸುಳ್ಳು. ಇನ್ನು ಆರೋಗ್ಯದ ಮಾತು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಈ ಬೆಳೆಯ ಪರ ವಾದಿಸುವ ನಾವು ಅದರ ಮೇಲೆ ಇನ್ನೊಂದು ರಾಸಾಯನಿಕ ಬಳಿದು ಯಾವ ಬಾಯಲ್ಲಿ ಮಾತಾಡುವುದು?

ಹೆಗ್ಗೋಡಿನ ಚರಕ ಸಂಸ್ಥೆ ಇದೇ ಚೊಗರಿನಿಂದ ಕೈಮಗ್ಗದ ನೂಲಿಗೆ ಬಣ್ಣ ಹಾಕುತ್ತದೆ. ಬಟ್ಟೆಯ ಬಣ್ಣ ಒಗೆತದಲ್ಲಿ ನಿಲ್ಲಬೇಕು, ನಿಲ್ಲದಿದ್ದರೆ ಗಿರಾಕಿಗೆ ಆ ವಾರವೇ ಗೊತ್ತಾಗುತ್ತದೆ. ಅಡಿಕೆಗೆ ಅಂಥ ಪರೀಕ್ಷೆಯೇ ಇಲ್ಲ. ಹಾಗಾಗಿ ಮಂಡಿಯವರು ಮೂಟೆಯಿಂದ ತೆಗೆದ ಮಾದರಿಯನ್ನು ಕತ್ತರಿಸಿ ಒಳತಿರುಳು ನೋಡಿ, ಅನುಮಾನ ಬಂದದ್ದನ್ನು ಪ್ರಯೋಗಾಲಯಕ್ಕೆ ಕಳಿಸಿ, ಆಮೇಲೆ ದರ ಕೂಗಲಿ. ಹೊಳಪು ತುಸು ಕಡಿಮೆಯಿದ್ದರೂ ಹದಕ್ಕೆ ಕೊಯ್ದ ಅಡಿಕೆಗೆ ಆಗ ಅದರ ಬೆಲೆ ಸಿಗುತ್ತದೆ.